ಬಾಣದ ಸುಡೊಕು ಬಿಡಿಸುವವರಿಗೆ

ಬಾಣದ ಸುಡೊಕುವಿನಲ್ಲಿ ಸಾಮಾನ್ಯ ಸುಡೊಕುವಿನ ನಿಯಮಗಳೆಲ್ಲ ಹಾಗೆಯೇ ಉಳಿಯುತ್ತವೆ. ಅವುಗಳ ಜೊತೆಗೆ, ಬಾಣದ ಬುಡದಲ್ಲಿರುವ ವೃತ್ತದೊಳಗಿನ ಅಂಕಿಯು ಆ ಬಾಣ ಹಾದುಹೋಗುವ ಮನೆಗಳ, ಅದರ ಮೊನೆ ನಿಲ್ಲುವ ಮನೆಯೂ ಸೇರಿದಂತೆ, ಅಂಕಿಗಳ ಮೊತ್ತಕ್ಕೆ ಸಮನಾಗಿರಬೇಕೆಂಬ ಒಂದು ಷರತ್ತು ಮಾತ್ರ ಸೇರಿಕೊಳ್ಳುತ್ತದೆ. ವೃತ್ತದ ಅಂಕಿಯನ್ನು ಕೂಡುವ ಲೆಕ್ಕಕ್ಕೆ ತರಬಾರದು.

ಹೊಸಬರು ಹೆಚ್ಚಾಗಿ ಎಡವುವುದು ಇನ್ನೊಂದೆಡೆ. ಒಂದು ಬಾಣದ ಮೇಲೆ ಅದೇ ಅಂಕಿ ಎರಡು ಬಾರಿ ಬರಬಾರದೆಂದು ಅವರು ತಾವಾಗಿಯೇ ಭಾವಿಸಿಬಿಡುವುದುಂಟು. ಆದರೆ ಆ ಎರಡು ಮನೆಗಳು ಒಂದೇ ಅಡ್ಡಸಾಲಿನಲ್ಲಾಗಲಿ, ಕಂಬಸಾಲಿನಲ್ಲಾಗಲಿ, ಒಂಬತ್ತು ಮನೆಗಳ ಗುಂಪಾದ ಚೌಕದಲ್ಲಾಗಲಿ ಇಲ್ಲದಿದ್ದರೆ ಅದಕ್ಕೆ ಅಡ್ಡಿಯಿಲ್ಲವಾದ್ದರಿಂದ, ಚೌಕದ ಗಡಿ ದಾಟಿ ಕೆಳಕ್ಕೆ ತಿರುಗುವ ಬಾಣದ ಮೂರು ಮನೆಗಳಲ್ಲಿ 1, 2, 1 ಬಂದು ವೃತ್ತದಲ್ಲಿ 4 ಕೂರಬಹುದು.

ಬಿಡಿಸಲು ತೊಡಗುವಾಗ ಮೂರು ಮನೆಗಳೂ ಒಂದೇ ಚೌಕದೊಳಗಿರುವ ಬಾಣವನ್ನು ಮೊದಲು ಹಿಡಿಯುವುದು ಒಳ್ಳೆಯದು: ಅಲ್ಲಿ ಅಂಕಿಗಳು ಬೇರೆಬೇರೆಯಾಗಲೇಬೇಕಾದ್ದರಿಂದ ವೃತ್ತದ ಅಂಕಿ 6ಕ್ಕಿಂತ ಕಡಿಮೆಯಾಗಲಾರದು, 7, 8, 9 ಬಾಣದ ಮೇಲೆ ಬರಲಾರವು, ಮತ್ತು 2, 3, 4ರ ಕೂಟವೊಂದನ್ನು ಬಿಟ್ಟರೆ ಉಳಿದೆಲ್ಲ ಕೂಟಗಳಲ್ಲಿ 1 ಇದ್ದೇ ಇರುವುದರಿಂದ, ವೃತ್ತದಲ್ಲಿ 9 ಇಲ್ಲವೆಂದು ಖಚಿತವಾದ ಕೂಡಲೇ ಆ ಚೌಕದ ಉಳಿದ ಮನೆಗಳಿಂದ 1ನ್ನು ಧೈರ್ಯವಾಗಿ ಅಳಿಸಿಹಾಕಬಹುದು.