ದೊಡ್ಡಕ್ಷರ, ಸಣ್ಣಕ್ಷರ ಮತ್ತು ಪಂಚಾಯಿತಿಯ ಜಾಲಪುಟ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಪೀಠಿಕೆ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಗುಬ್ಬಿ ಎಂಬ ಹೆಸರನ್ನು ರಸ್ತೆಯ ಫಲಕದಲ್ಲಿ ಬರೆದರೂ ನಡವಳಿ ಪುಸ್ತಕದಲ್ಲಿ ಬರೆದರೂ ಅಕ್ಷರದ ರೂಪ ಒಂದೇ. ಇಂಗ್ಲಿಷ್ ಲಿಪಿಯಲ್ಲಾದರೋ ಪ್ರತಿ ಅಕ್ಷರಕ್ಕೂ ಎರಡು ರೂಪಗಳಿವೆ. ಓದುವವರಿಗೆ ಎರಡೂ ಒಂದೇ. ಗಣಕಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಸಂಖ್ಯೆಗಳು. ದೊಡ್ಡ ‘ಎ’ ಅಕ್ಷರದ ಸಂಕೇತ 65, ಸಣ್ಣ ‘ಎ’ ಅಕ್ಷರದ ಸಂಕೇತ 97. ಕನ್ನಡದಲ್ಲಿ ‘ಬಳೆ’ ಮತ್ತು ‘ಬಾಳೆ’ ಎಷ್ಟು ಬೇರೆಯೋ ಕೆಲವು ಯಂತ್ರಗಳಿಗೆ ಈ ಎರಡು ರೂಪಗಳೂ ಅಷ್ಟೇ ಬೇರೆ. ಈ ಸಣ್ಣ ಭೇದದಿಂದ ಜಾಲಪುಟದಲ್ಲಿ ತಪ್ಪು ಮಾಹಿತಿ ಬಂದು, ತೆರಿಗೆ ಕಟ್ಟಿದವರೇ ಬಾಕಿದಾರರಾಗಿ ಕಾಣಿಸಿಕೊಳ್ಳುವುದುಂಟು. ಅಂತಹ ದೋಷ ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ಪತ್ತೆ ಮಾಡಬೇಕು, ಸಭೆಯಲ್ಲಿ ಏನನ್ನು ಕೇಳಬೇಕು ಎಂಬುದೇ ಈ ಪಾಠದ ವಿಷಯ.

1. ಪರಿಸರ ಚರ ಎಂದರೇನು?

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಪ್ರಭಾರ ವಹಿಸಿಕೊಳ್ಳುವಾಗ ಒಂದು ಪಟ್ಟಿ ಕೈಸೇರುತ್ತದೆ: ಯಾವ ವಹಿ ಯಾವ ಬೀರುವಿನಲ್ಲಿದೆ, ಬ್ಯಾಂಕ್ ಪಾಸ್‌ಪುಸ್ತಕ ಎಲ್ಲಿದೆ, ಮೊಹರು ಯಾರ ಬಳಿ ಇದೆ ಎಂಬ ವಿವರ. ಸರ್ವರ್‌ನಲ್ಲಿ ಒಂದು ತಂತ್ರಾಂಶ ಕೆಲಸ ಆರಂಭಿಸುವಾಗಲೂ ಇಂತಹದೇ ಪಟ್ಟಿಯ ಪ್ರತಿಯೊಂದು ಅದಕ್ಕೆ ಸಿಗುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲಿ ಒಂದು ಹೆಸರು ಮತ್ತು ಒಂದು ಬೆಲೆ ಇರುತ್ತವೆ. ಈ ಸಾಲುಗಳಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಪರಿಸರ ಚರ, ಎಂದು ಹೆಸರು. 1979ರ ಯುನಿಕ್ಸ್ 7ನೆಯ ಆವೃತ್ತಿಯ ಕಾಲದಿಂದ ಈ ಪದ್ಧತಿ ನಡೆದು ಬಂದಿದೆ.

ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು: ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಚರದ ಹೆಸರಿನ ದೊಡ್ಡ ರೂಪ ಮತ್ತು ಸಣ್ಣ ರೂಪ ಎರಡು ಬೇರೆ ಹೆಸರುಗಳು, ವಿಂಡೋಸ್‌ನಲ್ಲಿ ಎರಡೂ ಒಂದೇ ಹೆಸರು. ಎರಡನೆಯದು: ಪಟ್ಟಿಯ ಪ್ರತಿ ತಂತ್ರಾಂಶ ಆರಂಭವಾಗುವಾಗ ಮಾತ್ರ ದೊರೆಯುತ್ತದೆ. ಆಮೇಲೆ ಮೂಲ ಪಟ್ಟಿಯನ್ನು ತಿದ್ದಿದರೂ ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಆರಂಭಿಸುವವರೆಗೆ ಅದು ಹಳೆಯ ಪ್ರತಿಯನ್ನೇ ಅನುಸರಿಸುತ್ತದೆ.

2. ಅಭ್ಯಾಸಕ್ಕಾಗಿ ಒಂದು ಕಲ್ಪಿತ ಪ್ರಸಂಗ

ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯು ಮನೆ ತೆರಿಗೆಯ ಬೇಡಿಕೆ, ವಸೂಲಿ ಮತ್ತು ಬಾಕಿಯ ಪಟ್ಟಿಯನ್ನು ಪ್ರಕಟಿಸಲು ಜಾಲಪುಟವೊಂದನ್ನು ಮಾಡಿಸಿತು ಎಂದಿಟ್ಟುಕೊಳ್ಳೋಣ. ಗುತ್ತಿಗೆದಾರರು ಅದನ್ನು ಕುಣಿಗಲ್‌ನಲ್ಲಿ ವಿಂಡೋಸ್ ಗಣಕದಲ್ಲಿ ಸಿದ್ಧಪಡಿಸಿ ಪರೀಕ್ಷಿಸಿದರು, ಎಲ್ಲವೂ ಸರಿಯಾಗಿತ್ತು. ನಂತರ ಅದನ್ನು ತುಮಕೂರು ನಗರದಲ್ಲಿರುವ ಲಿನಕ್ಸ್ ಸರ್ವರ್‌ಗೆ ಸಾಗಿಸಲಾಯಿತು. ಪುಟ ತೆರೆಯಿತು, ದೋಷದ ಸೂಚನೆ ಯಾವುದೂ ಬರಲಿಲ್ಲ.

ತಿಂಗಳೊಳಗೆ ವೃದ್ಧೆಯೊಬ್ಬರು ಕಚೇರಿಗೆ ಬಂದರು. ಅವರ ಕೈಯಲ್ಲಿ ಈ ವರ್ಷದ ತೆರಿಗೆ ರಸೀದಿ ಇತ್ತು. ಜಾಲಪುಟದಲ್ಲಿ ಅವರ ಹೆಸರಿನ ಮುಂದೆ ಬಾಕಿ ಇತ್ತು. ಕರವಸೂಲಿಗಾರರು ಹಣವನ್ನು ಜಮಾ ಮಾಡಿಲ್ಲವೆಂಬ ಮಾತು ಊರಿನಲ್ಲಿ ಹಬ್ಬಿತು. ವಹಿಯನ್ನು ನೋಡಿದಾಗ ಹಣ ಅದೇ ದಿನ ಜಮಾ ಆಗಿತ್ತು.

ಕಾರಣ ಬೇರೆಯೇ ಇತ್ತು. ಚಾಲ್ತಿ ವರ್ಷದ ಕಡತ ಎಲ್ಲಿದೆ ಎಂದು ತಿಳಿಸುವ ಚರದ ಹೆಸರನ್ನು ತಂತ್ರಾಂಶವು ಪೂರ್ತಿ ದೊಡ್ಡಕ್ಷರಗಳಲ್ಲಿ ಹುಡುಕುತ್ತಿತ್ತು; ಸರ್ವರ್‌ನ ಪಟ್ಟಿಯಲ್ಲಿ ಅದರ ಮೊದಲ ಅಕ್ಷರ ಮಾತ್ರ ದೊಡ್ಡದಾಗಿತ್ತು. ವಿಂಡೋಸ್‌ನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬರಲಿಲ್ಲ. ಲಿನಕ್ಸ್‌ನಲ್ಲಿ ಆ ಹೆಸರಿನ ಚರವೇ ಇಲ್ಲವೆಂದಾಯಿತು. ಆಗ ತಂತ್ರಾಂಶವು ತನ್ನೊಳಗೆ ಮೊದಲೇ ಬರೆದಿದ್ದ ಪರ್ಯಾಯ ಸ್ಥಳಕ್ಕೆ ಹೋಗಿ ಹಿಂದಿನ ವರ್ಷದ ಪಟ್ಟಿಯನ್ನು ತಂದು ತೋರಿಸಿತು. ಕೆಟ್ಟು ನಿಂತ ಯಂತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಸದ್ದಿಲ್ಲದೆ ತಪ್ಪು ಹೇಳುವ ಯಂತ್ರದ ಅಪವಾದ ಮನುಷ್ಯರ ಮೇಲೆ ಬೀಳುತ್ತದೆ.

3. ಪತ್ತೆ ಮಾಡುವ ಕ್ರಮ

ಅ) ದೂರನ್ನು ಖಚಿತವಾಗಿ ದಾಖಲಿಸುವುದು. ‘ವೆಬ್‌ಸೈಟ್ ಸರಿಯಿಲ್ಲ’ ಎಂಬ ಬರಹ ಸಾಲದು. ಯಾವ ದಿನ, ಎಷ್ಟು ಗಂಟೆಗೆ, ಯಾವ ರಸೀದಿ ಸಂಖ್ಯೆಗೆ ಏನು ಕಾಣಿಸಿತು, ಏನು ಕಾಣಿಸಬೇಕಾಗಿತ್ತು ಎಂಬುದನ್ನು ಬರೆಯಬೇಕು.

ಆ) ಸರಿಯಿರುವ ಸ್ಥಳವನ್ನೂ ಕೆಟ್ಟಿರುವ ಸ್ಥಳವನ್ನೂ ಹೋಲಿಸುವುದು. ಕುಣಿಗಲ್‌ನ ಗಣಕದಲ್ಲಿ ಸರಿಯಿದ್ದು ತುಮಕೂರಿನ ಸರ್ವರ್‌ನಲ್ಲಿ ಕೆಟ್ಟಿದ್ದರೆ, ಇವೆರಡರ ನಡುವಣ ವ್ಯತ್ಯಾಸದಲ್ಲೇ ಸುಳಿವು ಇರುತ್ತದೆ.

ಇ) ತಂತ್ರಾಂಶಕ್ಕೆ ನಿಜವಾಗಿ ದೊರೆತ ಪಟ್ಟಿಯನ್ನು ನೋಡುವುದು. ತಂತ್ರಜ್ಞರು ತಮ್ಮ ಹೆಸರಿನಲ್ಲಿ ಸರ್ವರ್‌ಗೆ ಪ್ರವೇಶಿಸಿದಾಗ ಕಾಣುವ ಪಟ್ಟಿ ಬೇರೆ, ಹಿನ್ನೆಲೆಯಲ್ಲಿ ನಡೆಯುತ್ತಿರುವ ವೆಬ್ ಸರ್ವರ್‌ಗೆ ದೊರೆತ ಪಟ್ಟಿ ಬೇರೆ. ಎರಡನೆಯದನ್ನೇ ಪರಿಶೀಲಿಸಬೇಕು.

ಈ) ಅಕ್ಷರಭೇದವನ್ನು ಕಡೆಗಣಿಸಿ ಹುಡುಕುವುದು. ಲಿನಕ್ಸ್‌ನ ‘ಗ್ರೆಪ್’ ಆಜ್ಞೆಗೆ ‘ಐ’ ಎಂಬ ಸೂಚಕವನ್ನು ಸೇರಿಸಿದರೆ ದೊಡ್ಡದು, ಸಣ್ಣದು ಎರಡೂ ಸಿಗುತ್ತವೆ. ಒಂದೇ ಹೆಸರಿನ ಎರಡು ರೂಪಗಳು ಕಂಡರೆ, ಅಥವಾ ನಿರೀಕ್ಷಿಸಿದ್ದಕ್ಕಿಂತ ಬೇರೆ ರೂಪ ಕಂಡರೆ, ದೋಷ ಸಿಕ್ಕಿತೆಂದೇ ತಿಳಿಯಬಹುದು.

ಉ) ದೋಷದ ದಿನಚರಿ ಕಡತವನ್ನು ಓದುವುದು. ಅಪಾಚೆ ವೆಬ್ ಸರ್ವರ್‌ನ ಆದೇಶಪದಗಳಿಗೆ ಅಕ್ಷರಭೇದವಿಲ್ಲ. ಅವುಗಳ ಮುಂದೆ ಬರೆಯುವ ಬೆಲೆಗಳಿಗೆ ಅನೇಕ ವೇಳೆ ಭೇದವಿದೆ. ಸಂರಚನಾ ಕಡತದಲ್ಲಿ ಹೆಸರಿಸಿದ ಚರ ಸಿಗದಿದ್ದರೆ ಅಪಾಚೆ ಎಚ್ಚರಿಕೆಯ ಸಾಲೊಂದನ್ನು ಬರೆದಿಡುತ್ತದೆ.

ಊ) ಒಂದೇ ರೂಪವನ್ನು ಉಳಿಸಿ, ಸೇವೆಯನ್ನು ಮರು ಆರಂಭಿಸುವುದು. ಎರಡೂ ರೂಪಗಳನ್ನು ಬರೆದಿಡುವುದು ಪರಿಹಾರವಲ್ಲ. ಮುಂದೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆತಾಗ ದೋಷ ಮರಳಿ ಬರುತ್ತದೆ.

ಋ) ಮೌನವಾದ ಪರ್ಯಾಯವನ್ನು ತೆಗೆಸುವುದು. ಅಗತ್ಯ ಚರ ಸಿಗದಿದ್ದರೆ ತಂತ್ರಾಂಶವು ಸ್ಪಷ್ಟ ಸೂಚನೆ ಕೊಟ್ಟು ನಿಲ್ಲಬೇಕು. ಹಳೆಯ ಪಟ್ಟಿಯನ್ನು ತೋರಿಸಬಾರದು.

4. ನಿಜವಾಗಿ ನಡೆದ ಪ್ರಸಂಗ

ಅಕ್ಷರಭೇದವು ಸುರಕ್ಷತೆಯ ಪ್ರಶ್ನೆಯೂ ಆಗಬಲ್ಲುದೆಂಬುದಕ್ಕೆ 2016ರ ಜುಲೈ 18ರಂದು ಪ್ರಕಟವಾದ ‘ಎಚ್‌ಟಿಟಿಪಾಕ್ಸಿ’ ಎಂಬ ದೋಷ ನಿದರ್ಶನ. ವೆಬ್ ಸರ್ವರ್ ಮತ್ತು ತಂತ್ರಾಂಶಗಳ ನಡುವಣ ಸಿಜಿಐ ಎಂಬ ಹಳೆಯ ಪದ್ಧತಿಯಲ್ಲಿ, ಹೊರಗಿನಿಂದ ಬಂದ ಕೋರಿಕೆಯ ತಲೆಬರಹಗಳ ಹೆಸರುಗಳನ್ನು ದೊಡ್ಡಕ್ಷರಕ್ಕೆ ತಿರುಗಿಸಿ, ಮುಂದೆ ‘ಎಚ್‌ಟಿಟಿಪಿ’ ಎಂದು ಸೇರಿಸಿ ಪರಿಸರ ಚರಗಳನ್ನಾಗಿ ಮಾಡಲಾಗುತ್ತದೆ. ಯಾರಾದರೂ ‘ಪ್ರಾಕ್ಸಿ’ ಎಂಬ ತಲೆಬರಹ ಕಳುಹಿಸಿದರೆ ಅದು ದೊಡ್ಡಕ್ಷರದ ‘ಎಚ್‌ಟಿಟಿಪಿ ಪ್ರಾಕ್ಸಿ’ ಚರವಾಗುತ್ತದೆ. ಸರ್ವರ್‌ನಿಂದ ಹೊರಗೆ ಹೋಗುವ ಕೋರಿಕೆಗಳನ್ನು ಯಾವ ಮಧ್ಯವರ್ತಿ ಯಂತ್ರದ ಮೂಲಕ ಕಳುಹಿಸಬೇಕೆಂದು ಅನೇಕ ತಂತ್ರಾಂಶಗಳು ನೋಡುವುದು ಅದೇ ಹೆಸರನ್ನು. ಹೀಗೆ ಹೊರಗಿನವರು ಒಳಗಿನ ಪ್ರಭಾರ ಪಟ್ಟಿಯಲ್ಲಿ ಒಂದು ಸಾಲು ಬರೆದಂತಾಯಿತು.

ಪರ್ಲ್ ಭಾಷೆಯ ಒಂದು ತಂತ್ರಾಂಶ ಸಂಗ್ರಹದಲ್ಲಿ ಇದೇ ದೋಷ 2001ರಲ್ಲೇ ಕಂಡುಬಂದು ಸರಿಯಾಗಿತ್ತು. ‘ಕರ್ಲ್’ ತಂತ್ರಾಂಶವು ಈ ಕಾರಣಕ್ಕಾಗಿಯೇ ಆ ಚರದ ಸಣ್ಣಕ್ಷರದ ರೂಪವನ್ನು ಮಾತ್ರ ಓದುತ್ತದೆ. ಲಿನಕ್ಸ್‌ನಲ್ಲಿ ಇದು ರಕ್ಷಣೆ. ಅಕ್ಷರಭೇದವಿಲ್ಲದ ವಿಂಡೋಸ್‌ನಲ್ಲಿ ಈ ರಕ್ಷಣೆ ಉಳಿಯುವುದಿಲ್ಲ. ಹೊರಗಿನಿಂದ ಬರುವ ‘ಪ್ರಾಕ್ಸಿ’ ತಲೆಬರಹವನ್ನು ವೆಬ್ ಸರ್ವರ್‌ನ ಬಾಗಿಲಿನಲ್ಲೇ ತೆಗೆದುಹಾಕುವುದು ಸರಳ ಪರಿಹಾರ.

5. ಊರಿನ ಹೆಸರಿನ ವಿಷಯ

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಇಂಗ್ಲಿಷ್‌ನಲ್ಲಿಯೂ ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ಬದಲಾಯಿತು. ಅವುಗಳಲ್ಲಿ ತುಮಕೂರೂ ಒಂದು. ಕನ್ನಡದಲ್ಲಿ ಬರೆಯುವವರಿಗೆ ‘ತುಮಕೂರು’ ಮೊದಲಿನಂತೆಯೇ ಉಳಿಯಿತು. ಗಣಕಯಂತ್ರಕ್ಕೆ ಮಾತ್ರ ಹಳೆಯ ಇಂಗ್ಲಿಷ್ ಕಾಗುಣಿತ ಮತ್ತು ಹೊಸದು ಎರಡು ಬೇರೆ ಊರುಗಳು. ಅಕ್ಷರಭೇದವನ್ನು ಕಡೆಗಣಿಸಿ ಹುಡುಕಿದರೂ ಈ ವ್ಯತ್ಯಾಸ ಹೋಗದು. ಆದುದರಿಂದ ಕಡತಗಳನ್ನು ಜೋಡಿಸುವಾಗ ಊರಿನ ಹೆಸರನ್ನು ಅವಲಂಬಿಸದೆ, ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಕೋಶದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೂ ನೀಡಿರುವ ಸಂಕೇತ ಸಂಖ್ಯೆಯನ್ನು ಬಳಸುವುದು ಉತ್ತಮ.

6. ಸದಸ್ಯರು ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

- ಜಾಲಪುಟವನ್ನು ಯಾವ ಕಾರ್ಯಾಚರಣ ವ್ಯವಸ್ಥೆಯಲ್ಲಿ ಪರೀಕ್ಷಿಸಲಾಗಿದೆ? ಅದು ನಡೆಯುವ ಸರ್ವರ್‌ನಲ್ಲಿಯೂ ಅದೇ ವ್ಯವಸ್ಥೆ ಇದೆಯೇ?
- ಚರಗಳ ಹೆಸರುಗಳ ಲಿಖಿತ ಪಟ್ಟಿ ಕಚೇರಿಯಲ್ಲಿದೆಯೇ? ಎಲ್ಲವೂ ಒಂದೇ ರೀತಿಯಲ್ಲಿ, ಉದಾಹರಣೆಗೆ ಪೂರ್ತಿ ದೊಡ್ಡಕ್ಷರದಲ್ಲಿ, ಇವೆಯೇ?
- ಚರ ಸಿಗದಿದ್ದರೆ ಪುಟ ಏನು ತೋರಿಸುತ್ತದೆ?
- ಪುಟದಲ್ಲಿ ‘ಈ ಮಾಹಿತಿ ಯಾವ ದಿನದವರೆಗಿನದು’ ಎಂದು ನಮೂದಿಸಲಾಗಿದೆಯೇ?
- ದೋಷವಿದ್ದ ಅವಧಿಯಲ್ಲಿ ಹೊರಟ ಬಾಕಿ ನೋಟಿಸುಗಳನ್ನು ವಹಿಯೊಂದಿಗೆ ತಾಳೆ ನೋಡಲಾಗಿದೆಯೇ?

7. ಎರಡು ಎಚ್ಚರಿಕೆಗಳು

ಚರದ ಹೆಸರನ್ನು ದೂರವಾಣಿಯಲ್ಲಿ ಹೇಳಿ ಬರೆಸಬಾರದು. ಅಕ್ಷರ ದೊಡ್ಡದೋ ಸಣ್ಣದೋ ಎಂಬುದು ಉಚ್ಚಾರಣೆಯಲ್ಲಿ ಕೇಳಿಸುವುದಿಲ್ಲ. ತುಮಕೂರಿನಿಂದ ಹೇಳಿದ್ದು ಗುಬ್ಬಿಯಲ್ಲಿ ಬೇರೆಯಾಗಿ ಟಂಕಿತವಾಗಬಹುದು. ಲಿಖಿತ ಪಠ್ಯವನ್ನೇ ಕಳುಹಿಸಿ, ಅದನ್ನು ನಕಲು ಮಾಡಿ ಅಂಟಿಸುವುದು ಕ್ಷೇಮ. ಆದರೆ ಪರಿಸರ ಚರಗಳ ಪೂರ್ಣ ಪಟ್ಟಿಯನ್ನು ಬೆಲೆಗಳ ಸಹಿತ ವಾಟ್ಸ್ಆಪ್ ಗುಂಪಿನಲ್ಲಿ ಹಾಕಬಾರದು. ಅದರಲ್ಲಿ ದತ್ತಾಂಶ ಕೋಶದ ಗುಪ್ತಪದವೂ ಇರಬಹುದು.

ಸರ್ವರ್‌ನ ದೋಷವನ್ನು ತಿದ್ದುವುದು ತಂತ್ರಜ್ಞರ ಕೆಲಸ. ಪರದೆಯ ಮೇಲಿನ ಅಂಕಿಯನ್ನೇ ನಂಬಿ ರಸೀದಿ ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳುಹಿಸದಂತೆ, ವಹಿಯನ್ನು ತೆರೆಸಿ ನೋಡುವುದು ಸದಸ್ಯರ ಕರ್ತವ್ಯ.