ಗ್ರಾಮ ಸಭೆಯ ಪರದೆಯ ಮೇಲೆ ಜಾಲಪುಟ: ಸ್ಲೈಡುಗಳ ನಡುವೆ ಸರ್ಕಾರಿ ಜಾಲತಾಣದ ಮಾಹಿತಿಯನ್ನು ತೋರಿಸುವ ಬಗೆ



ಗ್ರಾಮ ಸಭೆಯಲ್ಲಿ ಪ್ರೊಜೆಕ್ಟರ್ ಇರಿಸಿ, ಕ್ರಿಯಾ ಯೋಜನೆ, ಜಮಾ-ಖರ್ಚು ಹಾಗೂ ಕಾಮಗಾರಿಗಳ ಪ್ರಗತಿಯನ್ನು ಸ್ಲೈಡುಗಳ ಮೂಲಕ ಮಂಡಿಸುವ ರೂಢಿ ಈಗ ಅನೇಕ ಪಂಚಾಯಿತಿಗಳಲ್ಲಿದೆ. ಆದರೆ ಸ್ಲೈಡಿನಲ್ಲಿ ಕಾಣುವ ಅಂಕಿಗಳು ಕಛೇರಿಯಲ್ಲಿ ಯಾರೋ ಒಬ್ಬರು ಮೊದಲೇ ಕುಳಿತು ಟೈಪು ಮಾಡಿದವು. ಸಭೆಯಲ್ಲಿ ಕುಳಿತ ಗ್ರಾಮಸ್ಥರೊಬ್ಬರು ಎದ್ದು, "ಈ ಮೊತ್ತ ಯಾವ ತಾರೀಖಿನದು, ಎಲ್ಲಿಂದ ತೆಗೆದದ್ದು?" ಎಂದು ಕೇಳಿದರೆ ಸ್ಲೈಡಿನಲ್ಲಿ ಉತ್ತರವಿರುವುದಿಲ್ಲ. ಅದೇ ಮೊತ್ತವನ್ನು ಸರ್ಕಾರಿ ಜಾಲತಾಣದ ಪುಟದಲ್ಲಿಯೇ ತೆರೆದು ತೋರಿಸಿದಲ್ಲಿ, ಪ್ರಶ್ನೆ ಕೇಳಿದವರು ಮನೆಗೆ ಹೋಗಿ ತಮ್ಮ ಮೊಬೈಲಿನಲ್ಲಿ ಅದೇ ಪುಟವನ್ನು ತೆರೆದು ತಾಳೆ ನೋಡಬಹುದು. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣವು ಯಾರೂ ಕೇಳುವ ಮೊದಲೇ ಮಾಹಿತಿಯನ್ನು ಪ್ರಕಟಿಸಬೇಕೆಂದು ಹೇಳುತ್ತದೆ. ಪ್ರಕಟವಾದ ಆ ಮಾಹಿತಿಯನ್ನು ಜನರ ಕಣ್ಣೆದುರಿಗೆ ತರುವುದು ಸಭೆಯ ಕೆಲಸ.

ಸ್ಲೈಡು ಸಿದ್ಧಪಡಿಸುವವರು ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರ್ ಆಗಿರುವಾಗ ಸದಸ್ಯರು ಇದನ್ನೇಕೆ ಕಲಿಯಬೇಕೆಂಬ ಪ್ರಶ್ನೆ ಸಹಜ. ಏನನ್ನು ತೋರಿಸಲು ಸಾಧ್ಯವೆಂಬುದು ತಿಳಿದಿರುವ ಸದಸ್ಯರು ಮಾತ್ರ "ಪುಟವನ್ನೇ ತೆರೆಯಿರಿ" ಎಂದು ಕೇಳಬಲ್ಲರು. "ಅದು ಸ್ಲೈಡಿನಲ್ಲಿ ಬರುವುದಿಲ್ಲ" ಎಂಬ ಉತ್ತರ ಕೆಲವೊಮ್ಮೆ ನಿಜ, ಕೆಲವೊಮ್ಮೆ ನೆಪ. ಎರಡನ್ನೂ ಬೇರ್ಪಡಿಸಿ ನೋಡುವಷ್ಟು ತಿಳಿವಳಿಕೆ ಸದಸ್ಯರಿಗೆ ಇರತಕ್ಕದ್ದು.

ಸ್ಲೈಡು ಮತ್ತು ಜಾಲಪುಟಗಳ ವ್ಯತ್ಯಾಸ

ಸ್ಲೈಡುಗಳ ಕಡತವು ಗಣಕಯಂತ್ರದಲ್ಲಿಯೇ ಇರುತ್ತದೆ, ಅಂತರ್ಜಾಲವಿಲ್ಲದಿದ್ದರೂ ತೆರೆಯುತ್ತದೆ. ಜಾಲಪುಟವು ಹಾಗಲ್ಲ. ತೆರೆದಾಗಲೆಲ್ಲ ಅದು ದೂರದ ಸರ್ವರ್‌ನಿಂದ ಹೊಸದಾಗಿ ಬರಬೇಕು. ಆದ್ದರಿಂದಲೇ ಅದರಲ್ಲಿನ ಅಂಕಿ ತಾಜಾ ಆಗಿರುತ್ತದೆ. ಆದ್ದರಿಂದಲೇ ಸಂಪರ್ಕ ಕಡಿದಾಗ ಅದು ಕೈಕೊಡುತ್ತದೆ. ಸ್ಲೈಡುಗಳ ನಡುವೆ ಜಾಲಪುಟವನ್ನು ತೋರಿಸಲು ಮೂರು ದಾರಿಗಳಿವೆ: ಪುಟದ ಚಿತ್ರವನ್ನು ಅಂಟಿಸುವುದು, ಪುಟಕ್ಕೆ ಕೊಂಡಿ ಕೊಡುವುದು, ಪುಟವನ್ನು ಸ್ಲೈಡಿನೊಳಗಿನ ಚೌಕಟ್ಟಿನಲ್ಲಿಯೇ ತೆರೆಯುವುದು.

ಚಿತ್ರದ ದಾರಿ ಅತ್ಯಂತ ಸರಳ. ವಿಂಡೋಸ್ 10 ಹಾಗೂ ನಂತರದ ಗಣಕಯಂತ್ರಗಳಲ್ಲಿ ವಿಂಡೋಸ್, ಶಿಫ್ಟ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬೇಕಾದ ಭಾಗವನ್ನು ಆಯ್ದು, ಸ್ಲೈಡಿನಲ್ಲಿ ಅಂಟಿಸಿದರಾಯಿತು. ಚಿತ್ರದ ಕೆಳಗೆ ಪುಟದ ವಿಳಾಸವನ್ನೂ ತೆಗೆದ ದಿನಾಂಕ ಮತ್ತು ವೇಳೆಯನ್ನೂ ಕಡ್ಡಾಯವಾಗಿ ಬರೆಯಬೇಕು. ದಿನಾಂಕವಿಲ್ಲದ ಚಿತ್ರಕ್ಕೆ ಟೈಪು ಮಾಡಿದ ಅಂಕಿಗಿಂತ ಹೆಚ್ಚಿನ ಬೆಲೆಯಿಲ್ಲ.

ಕೊಂಡಿಯ ದಾರಿಯಲ್ಲಿ, ಸ್ಲೈಡಿನಲ್ಲಿರುವ ಒಂದು ಪದವನ್ನೋ ಚಿತ್ರವನ್ನೋ ಆಯ್ದು, ಕಂಟ್ರೋಲ್ ಮತ್ತು ಕೆ ಕೀಲಿಗಳನ್ನು ಒತ್ತಿ ವಿಳಾಸವನ್ನು ಸೇರಿಸಬೇಕು. ಪವರ್‌ಪಾಯಿಂಟ್‌ನಲ್ಲಿಯೂ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿಯೂ ಇದು ಸಾಧ್ಯ. ಪ್ರದರ್ಶನದ ವೇಳೆ ಆ ಪದದ ಮೇಲೆ ಕ್ಲಿಕ್ ಮಾಡಿದಾಗ ಬ್ರೌಸರ್ ತೆರೆದುಕೊಂಡು ಪುಟ ಕಾಣುತ್ತದೆ. ಆಲ್ಟ್ ಮತ್ತು ಟ್ಯಾಬ್ ಒತ್ತಿ ಸ್ಲೈಡಿಗೆ ಮರಳಬಹುದು.

ಮೂರನೆಯದು ಚೌಕಟ್ಟಿನ ದಾರಿ. ಪವರ್‌ಪಾಯಿಂಟ್‌ಗೆ ವೆಬ್ ವ್ಯೂವರ್ ಎಂಬ ಆಡ್-ಇನ್ ಅಳವಡಿಸಿಕೊಂಡರೆ ಸ್ಲೈಡಿನ ಮೇಲೆ ಒಂದು ಚೌಕಟ್ಟು ಬರುತ್ತದೆ. ಅದರಲ್ಲಿ ವಿಳಾಸ ಕೊಟ್ಟರೆ ಪುಟವು ಸ್ಲೈಡಿನೊಳಗೇ ತೆರೆಯುತ್ತದೆ. ನೋಡಲು ಅಂದವಾದ ದಾರಿಯಿದು. ಆದರೆ ಎಚ್‌ಟಿಟಿಪಿಎಸ್ ಎಂದು ಆರಂಭವಾಗುವ ಸುರಕ್ಷಿತ ವಿಳಾಸಗಳಿಗೆ ಮಾತ್ರ ಇದು ಒಗ್ಗುತ್ತದೆ. ಅಂಥ ವಿಳಾಸವಿದ್ದರೂ ಹಲವು ಪುಟಗಳು ಚೌಕಟ್ಟಿನಲ್ಲಿ ತೆರೆಯಲು ನಿರಾಕರಿಸುತ್ತವೆ.

ಈ ನಿರಾಕರಣೆ ದೋಷವಲ್ಲ, ಉದ್ದೇಶಪೂರ್ವಕವಾದ ರಕ್ಷಣೆ. ವಂಚಕರು ತಮ್ಮ ಪುಟದೊಳಗೆ ಬೇರೊಂದು ನಿಜವಾದ ಪುಟವನ್ನು ಕಣ್ಣಿಗೆ ಕಾಣದಂತೆ ಪಾರದರ್ಶಕವಾಗಿ ಹೊದಿಸಿ, ಬಳಕೆದಾರರು ಒಂದನ್ನು ಒತ್ತುತ್ತಿದ್ದೇವೆಂದು ತಿಳಿದು ಇನ್ನೊಂದನ್ನು ಒತ್ತುವಂತೆ ಮಾಡುವ ತಂತ್ರವೊಂದಿದೆ. ಅದಕ್ಕೆ 2008ರಲ್ಲಿ ಕ್ಲಿಕ್‌ಜಾಕಿಂಗ್ ಎಂಬ ಹೆಸರು ಬಂತು. ಮರುವರ್ಷ, 2009ರಲ್ಲಿ, ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ಎಕ್ಸ್-ಫ್ರೇಮ್-ಆಪ್ಷನ್ಸ್ ಎಂಬ ಸೂಚನೆಯನ್ನು ತಂದಿತು. "ನನ್ನ ಪುಟವನ್ನು ಇತರರ ಚೌಕಟ್ಟಿನಲ್ಲಿ ತೋರಿಸಬೇಡ" ಎಂದು ಸರ್ವರ್ ಹೇಳಿದರೆ ಬ್ರೌಸರ್ ಅದನ್ನು ಪಾಲಿಸುತ್ತದೆ. ಬ್ಯಾಂಕುಗಳ ಪುಟಗಳು, ಲಾಗಿನ್ ಪುಟಗಳು ಈ ರಕ್ಷಣೆಯನ್ನು ಬಳಸುವುದು ನ್ಯಾಯವೇ. ಚೌಕಟ್ಟು ಬಿಳಿಯಾಗಿ ಉಳಿದರೆ ಆಪರೇಟರನ್ನು ದೂರಬಾರದು; ಆ ಪುಟಕ್ಕೆ ಕೊಂಡಿಯ ದಾರಿಯನ್ನು ಹಿಡಿಯಬೇಕು. ಕೊಂಡಿಯಿಂದ ಪುಟವು ಬ್ರೌಸರಿನಲ್ಲಿ ನೇರವಾಗಿ ತೆರೆಯುವುದರಿಂದ ಈ ತಡೆ ಅಲ್ಲಿ ಅನ್ವಯಿಸುವುದಿಲ್ಲ. ಗ್ರಾಮ ಸಭೆಯ ಮಟ್ಟಿಗೆ ಕೊಂಡಿ ಮತ್ತು ಚಿತ್ರಗಳ ಜೋಡಿಯೇ ಚೌಕಟ್ಟಿಗಿಂತ ಹೆಚ್ಚು ನಂಬಿಕೆಗೆ ಅರ್ಹವೆಂಬುದು ಈ ಪಾಠದ ಅಭಿಪ್ರಾಯ.

ಒಂದು ಉದಾಹರಣೆ

2020ರ ಏಪ್ರಿಲ್ 24ರಂದು, ರಾಷ್ಟ್ರೀಯ ಪಂಚಾಯತ್ ರಾಜ್ ದಿನದಂದು ಆರಂಭವಾದ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪಂಚಾಯಿತಿಗಳ ಯೋಜನೆ ಮತ್ತು ಲೆಕ್ಕಪತ್ರಗಳ ವರದಿಗಳು ಸಾರ್ವಜನಿಕರಿಗೆ ಲಭ್ಯವಿವೆ. ತಮ್ಮ ಪಂಚಾಯಿತಿಯ ಅನುಮೋದಿತ ಕ್ರಿಯಾ ಯೋಜನೆಯನ್ನು ಸಭೆಗೆ ತೋರಿಸಬೇಕೆಂದಿಟ್ಟುಕೊಳ್ಳಿ. ಆಪರೇಟರ್ ವರ್ಷ, ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಎಂದು ಒಂದೊಂದಾಗಿ ಆಯ್ದು ಕೊನೆಯ ಪುಟವನ್ನು ತಲುಪುತ್ತಾರೆ. ಮೇಲಿನ ಪಟ್ಟಿಯಲ್ಲಿರುವ ವಿಳಾಸವನ್ನು ನಕಲು ಮಾಡಿ ಸ್ಲೈಡಿಗೆ ಸೇರಿಸುತ್ತಾರೆ. ಸಭೆಯಲ್ಲಿ ಒತ್ತಿದಾಗ ಕೊನೆಯ ಪುಟದ ಬದಲು ಮೊದಲ ಪುಟವೋ, ದೋಷ ಸೂಚನೆಯೋ ಕಾಣಬಹುದು. ಅನೇಕ ವರದಿ ಪುಟಗಳಲ್ಲಿ ನಾವು ಮಾಡಿದ ಆಯ್ಕೆಗಳು ವಿಳಾಸದಲ್ಲಿ ದಾಖಲಾಗುವುದಿಲ್ಲ. ಅವು ಆ ಹೊತ್ತಿನ ಸಂಪರ್ಕದೊಂದಿಗೆ ಮಾತ್ರ ಸರ್ವರ್‌ಗೆ ಹೋಗಿರುತ್ತವೆ. ಕೆಲವು ಪುಟಗಳು ಸ್ವಲ್ಪ ಹೊತ್ತು ಸುಮ್ಮನಿದ್ದರೆ ತಾವಾಗಿ ಮುಚ್ಚಿಕೊಳ್ಳುತ್ತವೆ. ಕೆಲವು ಕ್ಯಾಪ್ಚಾ ಕೇಳುತ್ತವೆ.

ಇದನ್ನು ಮೊದಲೇ ಪರೀಕ್ಷಿಸುವ ಸುಲಭ ವಿಧಾನವಿದೆ. ಕ್ರೋಮ್ ಬ್ರೌಸರಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಒತ್ತಿದರೆ ಹಿಂದಿನ ಲಾಗಿನ್ ನೆನಪಿಲ್ಲದ ಹೊಸ ಕಿಟಕಿ ತೆರೆಯುತ್ತದೆ. ನಕಲು ಮಾಡಿದ ವಿಳಾಸವನ್ನು ಅಲ್ಲಿ ಅಂಟಿಸಿ. ಬೇಕಾದ ಪುಟವೇ ಬಂದರೆ ಆ ಕೊಂಡಿ ಸಭೆಗೆ ಯೋಗ್ಯ; ಗ್ರಾಮಸ್ಥರ ಮೊಬೈಲಿನಲ್ಲಿಯೂ ಅದು ತೆರೆಯುತ್ತದೆ. ಬಾರದಿದ್ದರೆ, ಸಭೆ ಆರಂಭವಾಗುವ ಮೊದಲೇ ಆಯ್ಕೆಗಳನ್ನು ಮಾಡಿ ಪುಟವನ್ನು ತೆರೆದಿಟ್ಟುಕೊಳ್ಳಬೇಕು, ಇಲ್ಲವೇ ಸಭಿಕರ ಎದುರಿಗೇ ಒಂದೊಂದು ಆಯ್ಕೆಯನ್ನೂ ಮಾಡಿ ತೋರಿಸಬೇಕು. ಎರಡನೆಯದಕ್ಕೆ ಐದು ನಿಮಿಷ ಹೆಚ್ಚು ಹಿಡಿದರೂ, ನೋಡಿದವರಿಗೆ ದಾರಿ ತಿಳಿಯುವುದರಿಂದ ಆ ಸಮಯ ವ್ಯರ್ಥವಲ್ಲ.

ಹತ್ತಾರು ಅಂಕಣಗಳ ಕೋಷ್ಟಕ ಕೊನೆಯ ಸಾಲಿನಲ್ಲಿ ಕುಳಿತವರಿಗೆ ಇರುವೆಗಳ ಸಾಲಿನಂತೆ ಕಾಣುತ್ತದೆ. ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಪುಟವನ್ನು ಹಿಗ್ಗಿಸಿ, ಒಂದು ವಾರ್ಡಿನ ಒಂದು ಕಾಮಗಾರಿಯ ಸಾಲನ್ನು ಮಾತ್ರ ತೋರಿಸುತ್ತಾ ಗಟ್ಟಿಯಾಗಿ ಓದಬೇಕು. ಇಂಗ್ಲಿಷಿನಲ್ಲಿರುವ ಅಂಕಣಗಳ ಹೆಸರನ್ನು ಕನ್ನಡದಲ್ಲಿ ಹೇಳಬೇಕು: ಇದು ಅಂದಾಜು ಮೊತ್ತ, ಇದು ಈವರೆಗೆ ಪಾವತಿಯಾದದ್ದು ಎಂದು. ಅಂದಾಜು ಮೊತ್ತವನ್ನೇ ಖರ್ಚೆಂದು ಭಾವಿಸಿ ಸಭೆಗಳಲ್ಲಿ ನಡೆಯುವ ಜಗಳಗಳು ಸಣ್ಣವಲ್ಲ.

ತೋರಿಸಬಾರದ್ದು

ಪ್ರೊಜೆಕ್ಟರಿಗೆ ಜೋಡಿಸಿದ ಗಣಕಯಂತ್ರದಲ್ಲಿ ಲಾಗಿನ್ ಮಾಡಬಾರದು. ಪಾವತಿಗೆ ಬಳಸುವ ಡಿಜಿಟಲ್ ಸಹಿಯ ಕೀಲಿಯನ್ನು ಆ ಯಂತ್ರದಿಂದ ತೆಗೆದಿರಬೇಕು. ಸಾರ್ವಜನಿಕರಿಗೆ ತೆರೆದಿರುವ ಪುಟ ಬೇರೆ, ಸಿಬ್ಬಂದಿಯ ಲಾಗಿನ್ನಿನೊಳಗೆ ಕಾಣುವ ಪುಟ ಬೇರೆ. ಎರಡನೆಯದರಲ್ಲಿ ಫಲಾನುಭವಿಗಳ ಬ್ಯಾಂಕ್ ಖಾತೆ, ಮೊಬೈಲ್ ಮತ್ತು ಆಧಾರ್ ಸಂಖ್ಯೆಗಳು ಇರಬಹುದು. ಆಧಾರ್ ಸಂಖ್ಯೆಯ ಸಾರ್ವಜನಿಕ ಪ್ರದರ್ಶನವನ್ನು 2016ರ ಆಧಾರ್ ಅಧಿನಿಯಮವೇ ನಿರ್ಬಂಧಿಸಿದೆ. ವೃದ್ಧಾಪ್ಯ ವೇತನ ಪಡೆಯುವ ಅಜ್ಜಿಯೊಬ್ಬರ ಖಾತೆ ಸಂಖ್ಯೆ ಹತ್ತಡಿ ಪರದೆಯ ಮೇಲೆ ಮೂಡಿ, ಯಾರದೋ ಮೊಬೈಲಿನಲ್ಲಿ ಚಿತ್ರವಾಗಿ ಉಳಿದರೆ ಅದನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ.

ವಿಂಡೋಸ್ ಮತ್ತು ಪಿ ಕೀಲಿಗಳನ್ನು ಒತ್ತಿ ಎಕ್ಸ್‌ಟೆಂಡ್ ಆಯ್ದರೆ, ಆಪರೇಟರ್ ತನ್ನ ಪರದೆಯಲ್ಲಿ ಪುಟವನ್ನು ಹುಡುಕಿ, ಸರಿಯಾದದ್ದನ್ನು ಮಾತ್ರ ದೊಡ್ಡ ಪರದೆಗೆ ಸರಿಸಬಹುದು. ಪವರ್‌ಪಾಯಿಂಟ್ ಪ್ರದರ್ಶನದ ನಡುವೆ ಬಿ ಕೀಲಿ ಒತ್ತಿದರೆ ಪರದೆ ಕಪ್ಪಾಗುತ್ತದೆ; ಮತ್ತೊಮ್ಮೆ ಒತ್ತಿದರೆ ಸ್ಲೈಡು ಮರಳುತ್ತದೆ. ಚರ್ಚೆ ಬಿಸಿಯೇರಿ ಎಲ್ಲರ ಗಮನ ಸಭಾಧ್ಯಕ್ಷರ ಕಡೆಗೆ ತಿರುಗಬೇಕಾದಾಗಲೂ ಈ ಕೀಲಿ ಉಪಯೋಗಕ್ಕೆ ಬರುತ್ತದೆ.

ಸ್ಥಳ, ಸಂಪರ್ಕ, ಅಕ್ಷರ

ಪಂಚಾಯಿತಿ ಕಛೇರಿಯಲ್ಲಿ ಅಂತರ್ಜಾಲ ಚೆನ್ನಾಗಿದ್ದರೂ ಸಭೆ ನಡೆಯುವುದು ಶಾಲೆಯ ಅಂಗಳದಲ್ಲೋ ಸಮುದಾಯ ಭವನದಲ್ಲೋ. ಅಲ್ಲಿ ಮೊಬೈಲಿನ ಹಾಟ್‌ಸ್ಪಾಟೇ ಗತಿ. ಸಭೆಯ ಹಿಂದಿನ ದಿನ ಅದೇ ಸ್ಥಳದಲ್ಲಿ, ಅದೇ ಮೊಬೈಲಿನಿಂದ ಪುಟವನ್ನು ತೆರೆದು ನೋಡತಕ್ಕದ್ದು. ಪ್ರತಿಯೊಂದು ಕೊಂಡಿಯ ಹಿಂದಿನ ಸ್ಲೈಡಿನಲ್ಲಿ ದಿನಾಂಕ ಸಹಿತವಾದ ಚಿತ್ರ ಇರಲಿ. ಸಂಪರ್ಕ ಸಿಗದಿದ್ದರೆ ಸಭೆ ನಿಲ್ಲಬಾರದು.

ಅಕ್ಷರಗಳ ಬಗ್ಗೆಯೂ ಒಂದು ಮಾತು. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಸ್ಲೈಡು, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪು ಮಾಡಿದರೆ ಈ ತೊಂದರೆ ಇರುವುದಿಲ್ಲ. ಜಾಲಪುಟದಿಂದ ನಕಲು ಮಾಡಿದ ಕನ್ನಡವೂ ಹಾಗೆಯೇ ಉಳಿಯುತ್ತದೆ.

ಕೊನೆಯದಾಗಿ ನಡಾವಳಿಯ ವಿಷಯ. ಸಭೆಯಲ್ಲಿ ತೋರಿಸಿದ ಪುಟ ನಾಳೆ ಬದಲಾಗಬಹುದು. "ಅಂದು ಬೇರೆ ಮೊತ್ತ ಕಂಡಿತ್ತು" ಎಂಬ ತಕರಾರು ಬಂದರೆ ಪುಟವು ಸಾಕ್ಷಿ ಹೇಳದು. ಆದುದರಿಂದ ತೋರಿಸಿದ ದಿನವೇ ಕಂಟ್ರೋಲ್ ಮತ್ತು ಪಿ ಒತ್ತಿ ಪುಟವನ್ನು ಮುದ್ರಿಸಬೇಕು. ಮುದ್ರಣದ ಆಯ್ಕೆಗಳಲ್ಲಿ ಹೆಡರ್ ಮತ್ತು ಫುಟರ್ ಎಂಬುದನ್ನು ಗುರುತಿಸಿದರೆ ದಿನಾಂಕ ಮತ್ತು ಪುಟದ ವಿಳಾಸ ಹಾಳೆಯ ಅಂಚಿನಲ್ಲಿ ತಾನಾಗಿಯೇ ಮೂಡುತ್ತವೆ. ಆ ಪ್ರತಿಗೆ ಸಭಾಧ್ಯಕ್ಷರ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಸಹಿ ಪಡೆದು ನಡಾವಳಿಗೆ ಲಗತ್ತಿಸುವುದು ಸೂಕ್ತ. ಮುಂದಿನ ಗ್ರಾಮ ಸಭೆಯಲ್ಲಿ ಅದೇ ಪುಟವನ್ನು ಮತ್ತೆ ತೆರೆದು, ಲಗತ್ತಿಸಿದ ಪ್ರತಿಯೊಂದಿಗೆ ಹೋಲಿಸಿ, ಯಾವ ಕಾಮಗಾರಿಯ ಪಾವತಿ ಎಷ್ಟು ಮುಂದುವರಿದಿದೆ ಎಂಬುದನ್ನು ವಾರ್ಡುವಾರು ಓದಿ ಹೇಳಬಹುದು.