ಊರಿನ ಬಸ್ ವೇಳಾಪಟ್ಟಿಯಿಂದ ಶುರುವಾಗಲಿ ವೆಬ್ ಕೋಡಿಂಗ್

ವೆಬ್ ಡೆವಲಪ್‌ಮೆಂಟ್ ಕಲಿಯಲು ಹೊರಟ ಹಲವರು ಮೊದಲ ವಾರದಲ್ಲೇ ರಿಯಾಕ್ಟ್, ಬೂಟ್‌ಸ್ಟ್ರ್ಯಾಪ್‌ನಂಥ ಸಿದ್ಧ ಸಲಕರಣೆಗಳ ಬೆನ್ನು ಹತ್ತುತ್ತಾರೆ. ವಿಡಿಯೊ ನೋಡಿಕೊಂಡು ಟೈಪ್ ಮಾಡಿದ ಪುಟ ಚೆನ್ನಾಗಿಯೇ ಕಾಣುತ್ತದೆ. ಅದರಲ್ಲಿ ಒಂದು ಸಾಲು ಬದಲಿಸಿ ಎಂದರೆ ಕೈ ಓಡುವುದಿಲ್ಲ. ಆ ಸಲಕರಣೆಗಳೆಲ್ಲ ಕೊನೆಗೆ ಬ್ರೌಸರ್‌ನಲ್ಲಿ ದುಡಿಸಿಕೊಳ್ಳುವುದು ಎಚ್‌ಟಿಎಂಎಲ್, ಸಿಎಸ್ಎಸ್, ಜಾವಾಸ್ಕ್ರಿಪ್ಟ್ ಎಂಬ ಮೂರನ್ನೇ. ಈ ಮೂರನ್ನೂ ಕೈಯಾರೆ ಬರೆದು ಕಲಿಯಲು ನಾಲ್ಕು ಜನರಿಗೆ ಉಪಯೋಗವಾಗುವ ಒಂದು ಸಣ್ಣ ಕೆಲಸ ಬೇಕು. ನಿಮ್ಮೂರಿನ ಬಸ್ ವೇಳಾಪಟ್ಟಿಯನ್ನೇ ಆರಿಸಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು.

1. ಎಡಿಟರ್ ಮತ್ತು ಫೋಲ್ಡರ್

ಉಚಿತವಾಗಿ ಸಿಗುವ ವಿಷುಯಲ್ ಸ್ಟುಡಿಯೊ ಕೋಡ್ ಹಾಕಿಕೊಳ್ಳಿ. ನೋಟ್‌ಪ್ಯಾಡ್ ಕೂಡ ನಡೆಯುತ್ತದೆ. ಆದರೆ ಸೇವ್ ಮಾಡುವಾಗ ‘ಆಲ್ ಫೈಲ್ಸ್’ ಆರಿಸದಿದ್ದರೆ ಫೈಲ್ ಹೆಸರಿನ ಕೊನೆಗೆ ‘ಡಾಟ್ ಟಿಎಕ್ಸ್‌ಟಿ’ ಅಂಟಿಕೊಳ್ಳಬಹುದು. ಹೊಸ ಫೋಲ್ಡರ್‌ನಲ್ಲಿ ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಎಂಬ ಫೈಲ್ ಮಾಡಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಕೋಡ್ ಬದಲಿಸುವುದು, ಸೇವ್ ಮಾಡುವುದು, ರಿಫ್ರೆಶ್ ಒತ್ತಿ ನೋಡುವುದು, ಇಷ್ಟೇ ಕೆಲಸ. ಫೈಲಿನ ಹೆಸರು ಮತ್ತು ಕೋಡ್‌ನ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ನೀವು ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

2. ಎಚ್‌ಟಿಎಂಎಲ್: ಯಾವುದು ಏನೆಂದು ಹೇಳಿ

ಎಚ್‌ಟಿಎಂಎಲ್‌ನ ಕೆಲಸ ಅಲಂಕಾರವಲ್ಲ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ ಎಂದು ಬ್ರೌಸರ್‌ಗೆ ತಿಳಿಸುವುದು. ಮೊದಲ ಸಾಲಿನಲ್ಲಿ ‘ಡಾಕ್‌ಟೈಪ್’ ಇರಲಿ. ಬಿಟ್ಟರೆ ಬ್ರೌಸರ್ ಹಳೆಯ ಕಾಲದ ನಿಯಮಗಳಿಗೆ ಹೊರಳಿ ಅಳತೆಗಳು ಏರುಪೇರಾಗಬಹುದು. ಊರಿನ ಹೆಸರಿಗೆ ‘ಎಚ್1’, ವಿವರಣೆಗೆ ‘ಪಿ’, ವೇಳಾಪಟ್ಟಿಗೆ ‘ಟೇಬಲ್’ ಎಂಬ ಟ್ಯಾಗ್‌ಗಳನ್ನು ಬಳಸಿ. ಟೇಬಲ್‌ನ ಪ್ರತಿ ಸಾಲಿಗೆ ‘ಟಿಆರ್’, ತಲೆಬರಹದ ಚೌಕಗಳಿಗೆ ‘ಟಿಎಚ್’, ಉಳಿದವಕ್ಕೆ ‘ಟಿಡಿ’. ನಿಲ್ದಾಣದ ಫೋಟೊ ಹಾಕಿದರೆ ‘ಆಲ್ಟ್’ನಲ್ಲಿ ಒಂದು ವಾಕ್ಯದ ವಿವರಣೆ ಬರೆಯಿರಿ, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ.

ಟ್ಯಾಗ್ ಮುಚ್ಚಲು ಮರೆತರೂ ಬ್ರೌಸರ್ ದೂರುವುದಿಲ್ಲ, ತನಗೆ ತೋಚಿದಂತೆ ಸರಿಮಾಡಿಕೊಂಡು ತೋರಿಸುತ್ತದೆ. ಹಾಗಾಗಿ ಪುಟ ಸರಿ ಕಂಡಿತೆಂದು ನಂಬಬೇಡಿ. ಡಬ್ಲ್ಯು3ಸಿ ಸಂಸ್ಥೆಯ ಉಚಿತ ‘ವ್ಯಾಲಿಡೇಟರ್’ಗೆ ಕೋಡ್ ಕೊಟ್ಟರೆ ತಪ್ಪಿರುವ ಸಾಲನ್ನು ಅದು ತೋರಿಸುತ್ತದೆ.

3. ಕನ್ನಡ ಒಡೆಯದಿರಲು

‘ಹೆಡ್’ ಭಾಗದ ಆರಂಭದಲ್ಲೇ ‘ಮೆಟಾ’ ಟ್ಯಾಗ್‌ನಲ್ಲಿ ಅಕ್ಷರಸಂಕೇತ ‘ಯುಟಿಎಫ್-8’ ಎಂದು ಬರೆಯಿರಿ. ಇದಿಲ್ಲದಿದ್ದರೆ ಕನ್ನಡದ ಬದಲು ಚಿತ್ರವಿಚಿತ್ರ ಚಿಹ್ನೆಗಳು ಬರಬಹುದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕಡತಗಳಿಂದ ನಕಲು ಮಾಡಿದ ಪಠ್ಯ ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ ಈ ಮೆಟಾ ಟ್ಯಾಗ್ ಇದ್ದೂ ಉಪಯೋಗವಿಲ್ಲ. ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ. ‘ಎಚ್‌ಟಿಎಂಎಲ್’ ಟ್ಯಾಗ್‌ನಲ್ಲಿ ‘ಲ್ಯಾಂಗ್’ ಗುಣಕ್ಕೆ ‘ಕೆಎನ್’ ಎಂದು ಕೊಟ್ಟರೆ ಪುಟ ಕನ್ನಡದ್ದೆಂದು ಸ್ಕ್ರೀನ್ ರೀಡರ್‌ಗೂ ತಿಳಿಯುತ್ತದೆ.

4. ಸಿಎಸ್ಎಸ್: ಮೊದಲು ಮೊಬೈಲ್

ಬಸ್ಸಿಗೆ ಕಾಯುವವರ ಕೈಯಲ್ಲಿರುವುದು ಮೊಬೈಲ್. ‘ವ್ಯೂಪೋರ್ಟ್’ ಮೆಟಾ ಟ್ಯಾಗ್ ಇಲ್ಲದಿದ್ದರೆ ಮೊಬೈಲ್ ಬ್ರೌಸರ್ ಸಾಮಾನ್ಯವಾಗಿ ಸುಮಾರು 980 ಪಿಕ್ಸೆಲ್ ಅಗಲದ ಪುಟವೆಂದು ಭಾವಿಸಿ ಎಲ್ಲವನ್ನೂ ಕುಗ್ಗಿಸುತ್ತದೆ. ಅಕ್ಷರ ಇರುವೆ ಸಾಲಾಗುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ‘ಲೈನ್ ಹೈಟ್’ ಅನ್ನು 1.6ರಿಂದ 1.8ರವರೆಗೆ ಇಡಿ. ಮೊದಲಿಗೆ ಬಣ್ಣ, ಅಂಚು, ಒಳ ಅಂತರ, ಅಕ್ಷರದ ಗಾತ್ರ ಇಷ್ಟನ್ನೇ ಕಲಿತರೆ ಸಾಕು. ಎಫ್12 ಒತ್ತಿದರೆ ತೆರೆಯುವ ಡೆವಲಪರ್ ಟೂಲ್ಸ್‌ನಲ್ಲಿ ಮೊಬೈಲ್ ಅಳತೆಯ ನೋಟವೂ ಸಿಗುತ್ತದೆ.

5. ಜಾವಾಸ್ಕ್ರಿಪ್ಟ್: ಮುಂದಿನ ಬಸ್ ಯಾವುದು?

ಪ್ರೋಗ್ರಾಮಿಂಗ್ ನಿಜವಾಗಿ ಶುರುವಾಗುವುದು ಇಲ್ಲಿ. ಈಗಿನ ಸಮಯ ನೋಡಿ ಮುಂದಿನ ಬಸ್ಸಿನ ಸಾಲಿಗೆ ಬಣ್ಣ ಹಚ್ಚಬೇಕು. ಕೋಡ್ ಬರೆಯುವ ಮುನ್ನ ಉಪಾಯವನ್ನು ಕಾಗದದ ಮೇಲೆ ಕನ್ನಡದಲ್ಲೇ ಬರೆದುಕೊಳ್ಳಿ.

ಸಮಯಗಳನ್ನು ಪಠ್ಯವಾಗಿ ಹೋಲಿಸಿದರೆ ‘9:30’ಕ್ಕಿಂತ ‘10:15’ ಮೊದಲು ಬರುತ್ತದೆ, ಏಕೆಂದರೆ ಕಂಪ್ಯೂಟರ್ ಮೊದಲ ಅಕ್ಷರ ನೋಡಿ 9ಕ್ಕಿಂತ 1 ಚಿಕ್ಕದೆನ್ನುತ್ತದೆ. ಆದ್ದರಿಂದ ಎಲ್ಲವನ್ನೂ ನಡುರಾತ್ರಿಯಿಂದ ಕಳೆದ ನಿಮಿಷಗಳಾಗಿ ಮಾಡಿ: ಬೆಳಿಗ್ಗೆ 6:45 ಎಂದರೆ 405, ಮಧ್ಯಾಹ್ನ 1:10 ಎಂದರೆ 790. ‘ಡೇಟ್’ನಿಂದ ಸಿಗುವ ಈಗಿನ ಗಂಟೆಯನ್ನೂ ಹೀಗೇ 60ರಿಂದ ಗುಣಿಸಿ ನಿಮಿಷ ಕೂಡಿಸಿ. ಪಟ್ಟಿಯಲ್ಲಿ ಅದಕ್ಕೆ ಸಮನಾದ ಅಥವಾ ಅದಕ್ಕಿಂತ ದೊಡ್ಡದಾದ ಮೊದಲ ಸಂಖ್ಯೆಯೇ ಮುಂದಿನ ಬಸ್.

ಕೊನೆಯ ಬಸ್ ಹೋದ ಮೇಲೆ ಅಂಥ ಸಂಖ್ಯೆಯೇ ಸಿಗುವುದಿಲ್ಲ. ಆಗ ‘ನಾಳೆಯ ಮೊದಲ ಬಸ್’ ಎಂದು ತೋರಿಸಬೇಕು. ಇದನ್ನು ಪರೀಕ್ಷಿಸಲು ರಾತ್ರಿವರೆಗೆ ಕಾಯಬೇಕಿಲ್ಲ. ಈಗಿನ ಸಮಯದ ಜಾಗದಲ್ಲಿ 1430 ಎಂದು ಹಾಕಿದರೆ ರಾತ್ರಿ 11:50 ಆಯಿತು. ನಸುಕು, ಬಸ್ ಹೊರಡುವ ಅದೇ ನಿಮಿಷ, ಕೊನೆಯ ಬಸ್ ಹೋದ ನಂತರ, ಈ ಮೂರನ್ನೂ ಪರೀಕ್ಷಿಸಿ.

ಸ್ಕ್ರಿಪ್ಟ್ ಬೇರೆ ಫೈಲ್‌ನಲ್ಲಿರಲಿ, ಅದನ್ನು ಸೇರಿಸುವ ಟ್ಯಾಗ್‌ನಲ್ಲಿ ‘ಡಿಫರ್’ ಎಂದಿರಲಿ. ಇಲ್ಲದಿದ್ದರೆ ಟೇಬಲ್ ಬರುವ ಮೊದಲೇ ಸ್ಕ್ರಿಪ್ಟ್ ಓಡಬಹುದು. ಏನೂ ಆಗದಿದ್ದರೆ ಎಫ್12 ಒತ್ತಿ ‘ಕನ್ಸೋಲ್’ ನೋಡಿ. ಕೆಂಪು ಸಂದೇಶದ ಜೊತೆ ಸಾಲಿನ ಸಂಖ್ಯೆಯೂ ಇರುತ್ತದೆ.

6. ಪುಟವನ್ನು ಊರಿಗೆ ಕೊಡಿ

ಗಿಟ್‌ಹಬ್ ಪೇಜಸ್‌ನಲ್ಲಿ ಇಂಥ ಪುಟವನ್ನು ಉಚಿತವಾಗಿ ಇಡಬಹುದು. ಮನೆಯಲ್ಲಿ ಕಾಣುತ್ತಿದ್ದ ಫೋಟೊ ಅಲ್ಲಿ ಮಾಯವಾದರೆ ಫೈಲ್ ಹೆಸರು ನೋಡಿ: ವಿಂಡೋಸ್ ಸಾಮಾನ್ಯವಾಗಿ ದೊಡ್ಡ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಭೇದ ಮಾಡುವುದಿಲ್ಲ, ಗಿಟ್‌ಹಬ್‌ನ ಸರ್ವರ್ ಮಾಡುತ್ತದೆ. ಫೈಲ್ ಹೆಸರುಗಳೆಲ್ಲ ಸಣ್ಣ ಅಕ್ಷರದಲ್ಲಿ, ಖಾಲಿ ಜಾಗವಿಲ್ಲದೆ ಇದ್ದರೆ ಈ ತಾಪತ್ರಯವಿಲ್ಲ. ವೇಳಾಪಟ್ಟಿ ಕೊನೆಯ ಬಾರಿ ಪರಿಷ್ಕರಿಸಿದ ದಿನಾಂಕವನ್ನೂ ಪುಟದಲ್ಲಿ ಹಾಕಿ.

7. ನಕಲು ಮಾಡುವ ಮುನ್ನ

ಸಂದೇಹ ಬಂದರೆ ಮೊದಲು ಮೊಜಿಲ್ಲಾದ ‘ಎಂಡಿಎನ್’ ಕೈಪಿಡಿ ನೋಡಿ. ಎಐ ಸಹಾಯಕರನ್ನು ‘ಬರೆದುಕೊಡು’ ಎನ್ನುವ ಬದಲು ‘ಈ ಸಾಲು ಏಕೆ ಕೆಲಸ ಮಾಡುತ್ತಿಲ್ಲ’ ಎಂದು ಕೇಳಿ. ಬೇರೆಡೆಯಿಂದ ತಂದ ಯಾವ ಸಾಲಿನ ಅರ್ಥವನ್ನು ಹೇಳಲು ಬರುವುದಿಲ್ಲವೋ ಅದನ್ನು ಪುಟದಲ್ಲಿ ಉಳಿಸಬೇಡಿ.

ಎಲ್ಲ ಮುಗಿದ ಮೇಲೆ ಹೊಸ ಫೋಲ್ಡರ್ ತೆರೆದು, ಹಳೆಯ ಕೋಡ್ ನೋಡದೆ ಇದೇ ಪುಟವನ್ನು ಇನ್ನೊಮ್ಮೆ ಬರೆಯಿರಿ. ಕೈ ಎಲ್ಲೆಲ್ಲಿ ತಡವರಿಸಿತೋ ಗುರುತು ಹಾಕಿಕೊಳ್ಳಿ, ಮೊದಲು ಅಭ್ಯಾಸ ಮಾಡಬೇಕಾದದ್ದು ಅದನ್ನೇ. ರಿಯಾಕ್ಟ್ ಆಮೇಲೆ.